ಲಘು ರೈಲು ಬೇಕೆಂದು ಕೇಳುವ ನಾಗರಿಕರು ಎಲ್ಲಿಂದ ಶುರುಮಾಡಬೇಕು?

ಪ್ರಶ್ನೆ: ಎರಡು ಮೂರು ಪಟ್ಟಣಗಳು ಒಂದಕ್ಕೊಂದು ಅಂಟಿಕೊಂಡು ಬೆಳೆದ ಪ್ರದೇಶ, ಒಟ್ಟು ಐದಾರು ಲಕ್ಷ ಜನ. ಮುಖ್ಯರಸ್ತೆಯ ಬಸ್ಸುಗಳಲ್ಲಿ ಕಾಲಿಡಲು ಜಾಗವಿಲ್ಲ. ಲಘು ರೈಲಿಗಾಗಿ (ನಗರದ ರಸ್ತೆಗಳಲ್ಲಿ ಹಳಿಯ ಮೇಲೆ ಓಡುವ, ಟ್ರಾಮ್‌ನಂಥ ವಿದ್ಯುತ್ ರೈಲು) ಹತ್ತಾರು ಮಂದಿ ಒಟ್ಟುಗೂಡಿದ್ದೇವೆ. ಆಡಳಿತ ಕಿವಿಗೊಡಬೇಕಾದರೆ ಏನು ಮಾಡಬೇಕು? ತಿಳಿದವರು ಹೇಳಿ.

ಉತ್ತರ 1: ಸಹಿ ಸಂಗ್ರಹ ಆಮೇಲೆ, ಮೊದಲು ಸ್ಟಾಪ್‌ವಾಚ್ ಹಿಡಿಯಿರಿ. ಆ ರಸ್ತೆಯ ಬಸ್ಸಿನಲ್ಲಿ ಇಬ್ಬಿಬ್ಬರು ಕೂತು, ಒಬ್ಬರು ಸಮಯ ಹೇಳಲಿ, ಇನ್ನೊಬ್ಬರು ಬರೆದುಕೊಳ್ಳಲಿ. ಬಸ್ ನಿಂತಾಗಲೆಲ್ಲ ಎಷ್ಟು ಸೆಕೆಂಡ್, ಯಾಕೆ ಎಂದು ಮೂರು ಕಾಲಂ: ಸಿಗ್ನಲ್, ವಾಹನದಟ್ಟಣೆ, ಜನ ಹತ್ತಿ ಇಳಿದದ್ದು. ಬೆಳಗ್ಗೆ, ಮಧ್ಯಾಹ್ನ, ಸಂಜೆ ತಲಾ ಹತ್ತು ಟ್ರಿಪ್ ಆದರೂ ಬೇಕು. ಶಾಲೆಗೆ ರಜೆ ಇರುವ ವಾರ, ರಸ್ತೆ ಅಗೆದಿರುವ ವಾರ ಬೇಡ. ಅಂಥ ಅಂಕಿಗಳನ್ನು ಮೊದಲ ಸಭೆಯಲ್ಲೇ ಬದಿಗೆ ಸರಿಸುತ್ತಾರೆ. ಹತ್ತಿ ಇಳಿಯಲು ಹೆಚ್ಚು ಹೊತ್ತು ಹೋಗುತ್ತಿದ್ದರೆ ಅಗಲದ ಬಾಗಿಲು, ಮುಂಚಿತ ಟಿಕೆಟ್ ಪರಿಹಾರ. ದಟ್ಟಣೆಯೇ ಕಾರಣವಾದರೆ, ಪ್ರತ್ಯೇಕ ಪಥವಿಲ್ಲದ ರೈಲೂ ಅದೇ ದಟ್ಟಣೆಯಲ್ಲಿ ಸಿಕ್ಕಿಕೊಳ್ಳುತ್ತದೆ.

ಉತ್ತರ 2: ಆ ಪ್ರತ್ಯೇಕ ಪಥವನ್ನು ಯಾವ ಹಂತದಲ್ಲೂ ಬಿಟ್ಟುಕೊಡಬೇಡಿ. ಲೆಕ್ಕ ಹಾಕಿ ನೋಡಿ. ಮಾರ್ಗ 15 ಕಿ.ಮೀ., ಸರಾಸರಿ ವೇಗ ಗಂಟೆಗೆ 20 ಕಿ.ಮೀ. ಹೋಗಲು 45 ನಿಮಿಷ, ಬರಲು 45, ಎರಡು ತುದಿಗಳಲ್ಲಿ ಐದೈದು ನಿಮಿಷ. ಒಂದು ಸುತ್ತಿಗೆ 100. ಹತ್ತು ನಿಮಿಷಕ್ಕೊಂದು ಬಿಡಲು 10 ಗಾಡಿ ಬೇಕು. ಕಾರುಗಳ ಜೊತೆ ಓಡಿ ವೇಗ 15ಕ್ಕೆ ಇಳಿಯಿತೆನ್ನಿ: ಸುತ್ತು 130 ನಿಮಿಷ, ಗಾಡಿ 13. ಜನರಿಗೆ ಸಿಗುವ ಸೇವೆ ಅಷ್ಟೇ, ಆದರೆ ಮೂರು ಗಾಡಿ, ಅವುಗಳ ಚಾಲಕರ ಸಂಬಳ ಹೆಚ್ಚುವರಿ. ರಿಪೇರಿಗೆಂದು ಇಟ್ಟುಕೊಳ್ಳುವ ಗಾಡಿಗಳು ಇದರ ಮೇಲೆ. ಹಣಕಾಸು ನೋಡುವ ಸದಸ್ಯರಿಗೆ ಈ ಒಂದು ಪುಟ ಕೊಡಿ. ಕಟ್ಟಲು ಅನುದಾನ ಬಂದರೂ ಓಡಿಸುವ ಖರ್ಚು ಸಾಮಾನ್ಯವಾಗಿ ಸ್ಥಳೀಯ ಬೊಕ್ಕಸದ್ದೇ.

ಇನ್ನೊಂದು ಎಣಿಕೆ: 30 ಮೀಟರ್ ಗಾಡಿಯಲ್ಲಿ ಕೂತವರು, ನಿಂತವರು ಸೇರಿ ಸುಮಾರು 200 ಮಂದಿ. ಗಂಟೆಗೆ ಆರು ಗಾಡಿಯಾದರೆ ಒಂದು ದಿಕ್ಕಿಗೆ 1,200. ಈಗ ನಿಮ್ಮ ಬಸ್ಸುಗಳಲ್ಲಿ ಗಂಟೆಗೆ ಸಾಗುವ ಜನ ಇದಕ್ಕಿಂತ ತೀರಾ ಕಡಿಮೆಯಿದ್ದರೆ ಮೊದಲು ಕಡಿಮೆ ನಿಲ್ದಾಣಗಳ ವೇಗದ ಬಸ್ ಕೇಳಿ, ಪ್ರಯಾಣಿಕರು ಬೆಳೆಯಲಿ.

ಉತ್ತರ 3: ಕೆನಡಾದ ವಾಟರ್‌ಲೂ ಪ್ರದೇಶದಲ್ಲಿ ಆದದ್ದು ಹಾಗೆಯೇ. 2005ರಲ್ಲಿ ವೇಗದ ಬಸ್, 2011ರಲ್ಲಿ ಕೌನ್ಸಿಲ್ ಒಪ್ಪಿಗೆ, 2019ರ ಜೂನ್‌ನಲ್ಲಿ 19 ಕಿ.ಮೀ. ಲಘು ರೈಲು. ನಡುವೆ ಚುನಾವಣೆಗಳು ಬಂದುಹೋಗುತ್ತವೆ, ಆದ್ದರಿಂದ ಒಂದೇ ಪಕ್ಷದ ನೆರಳಿನಲ್ಲಿ ನಿಲ್ಲಬೇಡಿ. ಅಲ್ಲಿ ಮೊದಲ ಹಂತದ ರೈಲು ಕಿಚನರ್ ಮತ್ತು ವಾಟರ್‌ಲೂ ನಗರಗಳಿಗಷ್ಟೇ. ಅದೇ ಪ್ರದೇಶದ ಮೂರನೇ ನಗರ ಕೇಂಬ್ರಿಜ್‌ಗೆ ಸಿಕ್ಕಿದ್ದು ಬಸ್, ಅದರ ಅಸಮಾಧಾನ ಉಳಿಯಿತು. ಎರಡನೇ ಹಂತಕ್ಕೆ ಬೀಳುವ ಪಟ್ಟಣದವರನ್ನು ಇವತ್ತೇ ನಿಮ್ಮ ಗುಂಪಿಗೆ ಸೇರಿಸಿಕೊಳ್ಳಿ.

ಆಡಳಿತ ಯೋಜನೆಗಾಗಿ ಮಾಡಿಸುವ ಅಧ್ಯಯನದ ಕಾರ್ಯವ್ಯಾಪ್ತಿ (ಏನೇನು ಪರಿಶೀಲಿಸಬೇಕು ಎಂಬುದು) ಬರೆಯುವ ಹೊತ್ತಿಗೇ ಲಿಖಿತ ಮನವಿ ತಲುಪಿರಲಿ. ವರದಿ ಬಂದಮೇಲೆ ಬದಲಾಗುವುದು ಕಡಿಮೆ. ಬಸ್ಸನ್ನೂ ರೈಲನ್ನೂ ಒಂದೇ ಬಗೆಯ ಪಥ, ಒಂದೇ ಅಂತರದ ಸೇವೆ ಇಟ್ಟು ಹೋಲಿಸಬೇಕು ಎಂಬ ಸಾಲು ಅದರಲ್ಲಿ ಇರಲೇಬೇಕು. ಕಾರುಗಳು ಕಡಿಮೆಯಾಗುತ್ತವೆ ಎಂದು ಮಾತ್ರ ಮಾತು ಕೊಡಬೇಡಿ. ಖಾಲಿಯಾದ ರಸ್ತೆಗೆ ಹೊಸ ಕಾರು ಬರುತ್ತವೆ. ಅದೇ ರಸ್ತೆಯಲ್ಲಿ ಹೆಚ್ಚು ಜನ ಸಾಗಬಹುದು ಎನ್ನಿ, ಅದು ನಿಜ.

ಉತ್ತರ 4: ನೆಲದಡಿಯ ಕೊಳವೆ, ಕೇಬಲ್‌ಗಳನ್ನು ಯಾರೂ ಹೇಳಲಿಲ್ಲ. ಸ್ಕಾಟ್ಲೆಂಡ್‌ನ ಎಡಿನ್‌ಬರೋದಲ್ಲಿ ಅವುಗಳ ಸ್ಥಳಾಂತರ ಮುಗಿಯುವ ಮೊದಲೇ 2008ರಲ್ಲಿ ಟ್ರಾಮ್ ಕಾಮಗಾರಿಯ ಗುತ್ತಿಗೆಗೆ ಸಹಿಯಾಯಿತು. ಮಾರ್ಗ ತೆರೆದದ್ದು 2014ರಲ್ಲಿ, ಅದೂ ಮೊಟಕಾಗಿ. ಬಿಟ್ಟುಹೋಗಿದ್ದ ನ್ಯೂಹೇವನ್‌ವರೆಗಿನ ಭಾಗ 2023ಕ್ಕೆ ಬಂತು. ಗುತ್ತಿಗೆಗೆ ಮುಂಚೆ ಪರೀಕ್ಷಾ ಗುಂಡಿ ತೋಡಿ ನೋಡಿದ್ದಾರೆಯೇ ಎಂದು ಪ್ರತಿ ಸಭೆಯಲ್ಲೂ ಕೇಳಿ. ಅಂಗಡಿಯವರು ಎದುರಾಳಿಗಳಾಗುವುದು ಕಾಮಗಾರಿಯ ಭಯಕ್ಕೆ. ಯಾವ ತುಂಡು ಎಷ್ಟು ವಾರ ಮುಚ್ಚಿರುತ್ತದೆ, ಸರಕು ಯಾವ ಹೊತ್ತಿಗೆ ಇಳಿಸಬಹುದು, ದೂರು ಕೇಳುವ ಅಧಿಕಾರಿ ಯಾರು: ಈ ಮೂರೂ ಲಿಖಿತವಾಗಿ ಬೇಕೆಂದು ಅವರ ಪರವಾಗಿ ನೀವೇ ಕೇಳಿ.

ಉತ್ತರ 5: ಗಾಡಿಯ ವಿಷಯದಲ್ಲಿ ನಮ್ಮ ಊರಿಗೇ ವಿಶೇಷ ವಿನ್ಯಾಸ ಎಂಬ ಆಸೆ ಬೇಡ. ಫ್ರಾನ್ಸ್‌ನ ಬ್ರೆಸ್ಟ್ ಮತ್ತು ಡಿಜಾನ್ ಒಟ್ಟಾಗಿ ಟ್ರಾಮ್ ಖರೀದಿಸಿದವು. ಎಲ್ಲೆಡೆ ಬಳಕೆಯಲ್ಲಿರುವಂತೆ ಹಳಿಗಳ ನಡುವೆ 1435 ಮಿ.ಮೀ. ಅಂತರ, 750 ವೋಲ್ಟ್ ಡಿ.ಸಿ. ವಿದ್ಯುತ್ ಎಂದಿಟ್ಟುಕೊಂಡರೆ ಜೊತೆಗೂಡಿ ಕೊಳ್ಳುವ ಊರು ನಿಮಗೂ ಸಿಗಬಹುದು, ಮುಂದೆ ಬಿಡಿಭಾಗಗಳಿಗೂ ಪರದಾಟ ಕಡಿಮೆ.