ಸೋನಿಯ ಹೊಸ ಹ್ಯಾಂಡ್‌ಹೆಲ್ಡ್ ಬರುತ್ತದೆಯೆಂದು ಕಾಯಬೇಕೆ, ಈಗಿರುವುದನ್ನೇ ಕೊಳ್ಳಬೇಕೆ?

ತೊಗರಿಕಣಜ, ಕಲಬುರಗಿ:

ಎಲ್ಲರಿಗೂ ಶರಣು. ಕಾಲೇಜು ದಿನಗಳಲ್ಲಿ ಕೊಂಡ ಒಂದು ಪಿಎಸ್‌ಪಿ (ಸೋನಿಯ ಹಳೆಯ ಹ್ಯಾಂಡ್‌ಹೆಲ್ಡ್, ಅಂದರೆ ಕೈಯಲ್ಲಿ ಹಿಡಿದು ಗೇಮ್ ಆಡುವ ಸಾಧನ) ನನ್ನ ಬಳಿ ಇದ್ದು, ಬ್ಯಾಟರಿ ಉಬ್ಬಿ ಹಿಂದಿನ ಮುಚ್ಚಳ ಸರಿಯಾಗಿ ಕೂಡದಿದ್ದರೂ ಚಾರ್ಜರ್ ಸಿಕ್ಕಿಸಿದರೆ ಇಂದಿಗೂ ನಡೆಯುತ್ತದೆ. ದ್ವಿತೀಯ ಪಿಯುಸಿ ಪರೀಕ್ಷೆ ಮುಗಿದ ಮೇಲೆ ಮಗಳಿಗೆ ಹೊಸದೊಂದನ್ನು ಕೊಡಿಸುವುದಾಗಿ ಮಾತು ಕೊಟ್ಟಿದ್ದೇನೆ. ಅಷ್ಟರಲ್ಲಿ, ಟಿವಿಗೆ ಜೋಡಿಸಿ ಆಡುವ ಕನ್ಸೋಲ್ ಆದ ಪ್ಲೇಸ್ಟೇಷನ್ 5ರ (ಪಿಎಸ್ 5) ಗೇಮ್‌ಗಳನ್ನು ಕೈಯಲ್ಲಿ ಹಿಡಿದೇ ಆಡಬಹುದಾದ ಸಾಧನವನ್ನು ಸೋನಿ ಸಿದ್ಧಪಡಿಸುತ್ತಿದೆ ಎಂಬ ಸುದ್ದಿ ಕಿವಿಗೆ ಬಿತ್ತು. 2024ರ ನವೆಂಬರಿನಲ್ಲಿ ಬ್ಲೂಮ್‌ಬರ್ಗ್ ಸುದ್ದಿಸಂಸ್ಥೆ ಮಾಡಿದ ವರದಿಯಲ್ಲಿ, ಕೆಲಸ ಆರಂಭದ ಹಂತದಲ್ಲಿದೆ, ಮಾರುಕಟ್ಟೆಗೆ ಬರಲು ವರ್ಷಗಳೇ ಹಿಡಿಯಬಹುದು ಎಂದಷ್ಟೇ ಇತ್ತು. ಈಗ ಯೂಟ್ಯೂಬ್ ತೆರೆದರೆ, ಚಿಪ್‌ನ ಗುಪ್ತನಾಮ ‘ಕ್ಯಾನಿಸ್’ ಎಂಬುದರಿಂದ ಹಿಡಿದು ಬೆಲೆಯವರೆಗೆ ಎಲ್ಲವನ್ನೂ ಕಣ್ಣಾರೆ ಕಂಡವರಂತೆ ಹೇಳುತ್ತಿದ್ದಾರೆ. ಸೂಪರ್ ಮಾರ್ಕೆಟ್ ಕಡೆಯ ಪರಿಚಯದ ಅಂಗಡಿಯವರೂ ‘ತಡೀರಿ ಸರ್, ಸೋನಿದು ಹೊಸದು ಬರ್ತದ’ ಎನ್ನುತ್ತಾರೆ. ಈ ಮಾತುಗಳಲ್ಲಿ ಎಷ್ಟನ್ನು ನಂಬಬಹುದು, ಬೇಸಿಗೆ ರಜೆಯನ್ನು ಬಿಟ್ಟುಕೊಟ್ಟು ಕಾಯುವುದರಲ್ಲಿ ಅರ್ಥವಿದೆಯೇ ಎಂಬುದನ್ನು ಬಲ್ಲವರು ತಿಳಿಸಬೇಕು.

ಭೀಮೆಯದಂಡೆ, ಯಾದಗಿರಿ:

ಮೊದಲು ಆ ಉಬ್ಬಿದ ಬ್ಯಾಟರಿಯನ್ನು ಇವತ್ತೇ ತೆಗೆದುಬಿಡಿ ಸರ್, ಉಳಿದದ್ದು ಆಮೇಲೆ.

ಕಾಯುವ ವಿಷಯದಲ್ಲಿ ನಾನು ಪೆಟ್ಟು ತಿಂದವನು. 2021ರಲ್ಲಿ ನಿಂಟೆಂಡೊ ಕಂಪನಿಯಿಂದ, ಅದರ ಸ್ವಿಚ್ ಎಂಬ ಹ್ಯಾಂಡ್‌ಹೆಲ್ಡ್‌ನ ಹೊಸ ರೂಪವಾಗಿ ‘ಸ್ವಿಚ್ ಪ್ರೊ’ ಬರುತ್ತದೆ, ಟಿವಿಗೆ ಜೋಡಿಸಿದರೆ ಇನ್ನೂ ಸ್ಪಷ್ಟವಾದ 4ಕೆ ಚಿತ್ರ ಕೊಡುತ್ತದೆ ಎಂದು ದೊಡ್ಡ ಪತ್ರಿಕೆಗಳೇ ಬರೆದಿದ್ದವು. ಅದನ್ನು ನಂಬಿ, ಹೊಸದು ಬಂದ ಮೇಲೆ ಹಳೆಯದನ್ನು ಯಾರೂ ಕೇಳುವುದಿಲ್ಲವೆಂಬ ಲೆಕ್ಕದಲ್ಲಿ, ಚೆನ್ನಾಗಿದ್ದ ನನ್ನ ಸ್ವಿಚ್ಚನ್ನು ಅರ್ಧ ಬೆಲೆಗೆ ಸ್ನೇಹಿತನೊಬ್ಬನಿಗೆ ಕೊಟ್ಟುಬಿಟ್ಟೆ. ಜುಲೈ 6ರಂದು ನಿಂಟೆಂಡೊ ಘೋಷಿಸಿದ್ದು ಒಎಲ್‌ಇಡಿ ಪರದೆಯ ಸ್ವಿಚ್ಚನ್ನು. ಪರದೆ ದೊಡ್ಡದಾಗಿತ್ತು, ಬಣ್ಣ ಚೆನ್ನಾಗಿತ್ತು, ಆದರೆ ಗೇಮ್ ನಡೆಸುವ ಶಕ್ತಿ ಹಿಂದಿನಷ್ಟೇ, 4ಕೆ ಎಂಬ ಮಾತೇ ಇರಲಿಲ್ಲ. ಅದೇ ಸ್ನೇಹಿತ ಇಂದಿಗೂ ನಮ್ಮ ಮನೆಗೆ ಬಂದಾಗಲೆಲ್ಲ ಆ ಸ್ವಿಚ್ಚನ್ನು ಚೀಲದಿಂದ ತೆಗೆದು ನನ್ನೆದುರೇ ಆಡುತ್ತಾನೆ.

ಬಿದರಿಕುಸುರಿ, ಬೀದರ್:

ವದಂತಿಗಳೆಲ್ಲ ಒಂದೇ ತೂಕದವಲ್ಲ, ಅವು ಎಲ್ಲಿಂದ ಹೊರಟವು ಎಂಬುದನ್ನು ನೋಡಬೇಕು. ಯಾದಗಿರಿಯ ಗೆಳೆಯರು ಹೇಳಿದ ನಿಂಟೆಂಡೊ ವಿಷಯದಲ್ಲಿಯೇ, 2022ರಲ್ಲಿ ಚಿಪ್ ರೂಪಿಸುವ ಎನ್‌ವಿಡಿಯಾ ಕಂಪನಿಯ ಕಡತಗಳು ಕಳವಾಗಿ ಹೊರಬಿದ್ದಾಗ ಅವುಗಳಲ್ಲಿ ಟಿ239 ಎಂಬ ಚಿಪ್‌ನ ಉಲ್ಲೇಖವಿತ್ತು. 2025ರ ಜೂನ್ 5ರಂದು ಮಾರಾಟಕ್ಕೆ ಬಂದ ಸ್ವಿಚ್ 2ರೊಳಗೆ ಇದ್ದದ್ದು ಅದೇ ಚಿಪ್. ಅಂದರೆ ಸುದ್ದಿ ನಿಜವೇ ಆಗಿದ್ದರೂ ಸಾಧನ ಕೈಗೆ ಬರಲು ಮೂರು ವರ್ಷ ಹಿಡಿಯಿತು. ಸೋನಿಯದೂ ನಿಜವಿರಬಹುದೆಂದೇ ನನ್ನ ಅಂದಾಜು, ಆದರೆ ನಿಮ್ಮ ಮಗಳ ಈ ರಜೆಗೆ ಅದರಿಂದ ಏನೂ ಪ್ರಯೋಜನವಿಲ್ಲ.

ಕಂಪನಿಯ ಬಾಯಿಂದಲೇ ಬಂದದ್ದನ್ನು ಬೇರೆಯಾಗಿ ಇಟ್ಟು ನೋಡೋಣ. ಪಿಎಸ್ 5ರ ಕೆಲವು ಗೇಮ್‌ಗಳು ಕಡಿಮೆ ವಿದ್ಯುತ್ತಿನಲ್ಲಿ ನಡೆಯುವಂತೆ ‘ಪವರ್ ಸೇವರ್’ ಎಂಬ ಸೌಲಭ್ಯವನ್ನು ಸೋನಿ 2025ರ ಸೆಪ್ಟೆಂಬರಿನಲ್ಲಿ ತಂದಿತು. ಮರು ತಿಂಗಳು ಪ್ಲೇಸ್ಟೇಷನ್‌ನ ವಿನ್ಯಾಸಕಾರ ಮಾರ್ಕ್ ಸರ್ನಿ ಅವರು ಚಿಪ್ ರೂಪಿಸುವ ಎಎಂಡಿ ಕಂಪನಿಯವರೊಂದಿಗೆ ಕುಳಿತು, ತಾವು ಕೂಡಿ ರೂಪಿಸುತ್ತಿರುವ ಗ್ರಾಫಿಕ್ಸ್ ತಂತ್ರಗಳು ಸದ್ಯ ಸಿಮ್ಯುಲೇಷನ್‌ನಲ್ಲಿ (ಕಂಪ್ಯೂಟರಿನೊಳಗಿನ ಅಣಕು ಪರೀಕ್ಷೆಯಲ್ಲಿ) ಮಾತ್ರ ಇವೆ, ಕೆಲವು ವರ್ಷಗಳ ನಂತರದ ಕನ್ಸೋಲ್‌ಗೆ ಅವನ್ನು ತರುವ ಆಸೆಯಿದೆ ಎಂದರು. ಇವೆರಡರಲ್ಲಿಯೂ ಸೋನಿಯ ಹೊಸ ಹ್ಯಾಂಡ್‌ಹೆಲ್ಡ್ ಬರುತ್ತದೆ ಎಂದು ಹೇಳಿಲ್ಲ. ಉಳಿದದ್ದನ್ನೆಲ್ಲ ಯೂಟ್ಯೂಬಿನವರು ತಾವೇ ಪೋಣಿಸಿದ್ದಾರೆ.

ಪವರ್ ಸೇವರ್‌ನ ಹಿಂದೆ ಜನ ಯಾಕೆ ಬಿದ್ದರೆಂಬುದಕ್ಕೆ ಕಾರಣವಿದೆ. ಮನೆಯಲ್ಲಿರುವ ಪಿಎಸ್ 5 ಭಾರಿ ಗೇಮ್ ನಡೆಸುವಾಗ ಸುಮಾರು 200 ವ್ಯಾಟ್ ಎಳೆಯುತ್ತದೆ. ಸ್ಟೀಮ್ ಡೆಕ್ ಎಂಬ ಹ್ಯಾಂಡ್‌ಹೆಲ್ಡ್‌ನ ಚಿಪ್‌ಗೆ ಸಿಗುವುದು 4ರಿಂದ 15 ವ್ಯಾಟ್ ಮಾತ್ರ. 2022ರಲ್ಲಿ ಬಂದ ಆ ಡೆಕ್‌ನ ಬ್ಯಾಟರಿ 40 ವ್ಯಾಟ್-ಅವರ್‌ನದು. ಪರದೆ, ಫ್ಯಾನ್ ಎಲ್ಲ ಸೇರಿ 20 ವ್ಯಾಟ್ ಖರ್ಚಾದರೆ ಎರಡು ಗಂಟೆಗೆ ಖಾಲಿ, ಅದನ್ನು ತಯಾರಿಸುವ ವಾಲ್ವ್ ಕಂಪನಿಯೂ 2ರಿಂದ 8 ಗಂಟೆ ಎಂದೇ ಹೇಳಿತ್ತು. ಹೀಗಿರುವಾಗ ‘ಪಿಎಸ್ 5ರಷ್ಟೇ ಶಕ್ತಿ, ಇಡೀ ದಿನ ಬ್ಯಾಟರಿ, ಅಗ್ಗದ ಬೆಲೆ’ ಎಂದು ಮೂರನ್ನೂ ಒಟ್ಟಿಗೆ ಹೇಳುವವರ ವಿಡಿಯೊವನ್ನು ಅಲ್ಲಿಗೇ ನಿಲ್ಲಿಸಬಹುದು. ಬೆಲೆಯ ಮಾತಂತೂ ಕೇಳಲೇಬೇಡಿ. 2025ರ ಕೊನೆಯಿಂದ ಮೆಮೊರಿ ಚಿಪ್‌ಗಳ ದರ ಏರಿರುವ ರೀತಿಯನ್ನು ನೋಡಿದರೆ, ವರ್ಷಗಳ ನಂತರ ಬರುವ ಸಾಧನದ ಬೆಲೆಯನ್ನು ಸೋನಿಯವರೇ ಇಂದು ಹೇಳಲಾರರು.

ಇನ್ನೊಂದು ಅನುಮಾನ. ನಿಮ್ಮ ಅಂಗಡಿಯವರು ಹೇಳುವ ‘ಸೋನಿದು ಹೊಸದು’ ಯಾವುದು ಎಂಬುದನ್ನು ಖಚಿತಪಡಿಸಿಕೊಳ್ಳಿ. 2023ರ ನವೆಂಬರಿನಲ್ಲಿ ಬಂದ ಪ್ಲೇಸ್ಟೇಷನ್ ಪೋರ್ಟಲ್ ನೋಡುವುದಕ್ಕೆ ಹ್ಯಾಂಡ್‌ಹೆಲ್ಡ್‌ನಂತೆಯೇ ಇದೆ, ಆದರೆ ಗೇಮ್ ನಡೆಸುವುದು ಸಾಮಾನ್ಯವಾಗಿ ಮನೆಯಲ್ಲಿರುವ ಪಿಎಸ್ 5. ಪೋರ್ಟಲ್ ವೈ-ಫೈ ಮೂಲಕ ಚಿತ್ರವನ್ನು ತರಿಸಿ ತೋರಿಸುತ್ತದೆ ಅಷ್ಟೆ.

ಪರಸಿಮನೆ, ಶಹಾಬಾದ್:

ಮೇಲಿನವರು ವ್ಯಾಟಿನ ಲೆಕ್ಕ ಸರಿಯಾಗಿ ಹೇಳಿದ್ದಾರೆ. ಅದಕ್ಕೆ ನಮ್ಮ ಬಿಸಿಲಿನ ಲೆಕ್ಕವನ್ನು ಸೇರಿಸುತ್ತೇನೆ. 2022ರ ಜುಲೈನಲ್ಲಿ ಯುರೋಪಿನಲ್ಲಿ ಬಿಸಿಗಾಳಿ ಬೀಸಿದಾಗ, ಸ್ಟೀಮ್ ಡೆಕ್ ಬಳಸಲು ಸುತ್ತಲಿನ ತಾಪಮಾನ 0ಯಿಂದ 35 ಡಿಗ್ರಿಯೊಳಗೆ ಇರಬೇಕು, ಚಿಪ್ 100 ಡಿಗ್ರಿ ತಲುಪಿದರೆ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ, 105ಕ್ಕೆ ಯಂತ್ರ ಆರಿಹೋಗುತ್ತದೆ ಎಂದು ವಾಲ್ವ್ ತಿಳಿಸಿತು. ಸ್ವಿಚ್‌ಗೂ ನಿಂಟೆಂಡೊ ಹೇಳುವುದು 35 ಡಿಗ್ರಿಯ ಮಿತಿಯನ್ನೇ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 42 ದಾಟುತ್ತದೆ. ಪರಸಿ ಹಾಸಿದ ಮಾಳಿಗೆ ಹಗಲೆಲ್ಲ ಕಾದು ರಾತ್ರಿ ಹತ್ತಕ್ಕೂ ಬಿಸಿ ಉಗುಳುವಾಗ, ಕೋಣೆಯೊಳಗೂ 35ಕ್ಕಿಂತ ಕೆಳಗೆ ಇರುವುದು ಅಪರೂಪ. ಆದ್ದರಿಂದ ಯಾವುದನ್ನೇ ಕೊಂಡರೂ ಹಿಂಬದಿಯ ಗಾಳಿಕಿಂಡಿಯನ್ನು ದಿಂಬು, ಹಾಸಿಗೆ ಮುಚ್ಚದಂತೆ ನೋಡಿಕೊಳ್ಳಿ, ಮಧ್ಯಾಹ್ನ ಚಾರ್ಜಿಗೆ ಹಾಕಿಕೊಂಡು ಆಡುವುದನ್ನು ಬಿಡಿಸಿ. ಬಿಸಿಯಲ್ಲಿ ಚಾರ್ಜ್ ಆದ ಲಿಥಿಯಂ ಬ್ಯಾಟರಿ ಬೇಗ ಮುಪ್ಪಾಗುತ್ತದೆ, ನಿಮ್ಮ ಪಿಎಸ್‌ಪಿಯದು ಉಬ್ಬಿದ್ದರಲ್ಲಿಯೂ ಬಿಸಿಲಿನ ಪಾಲಿದ್ದೀತು.

ವಾರಂಟಿಯನ್ನೂ ಮರೆಯಬೇಡಿ. ವಾಲ್ವ್ ಕಂಪನಿ ಸ್ಟೀಮ್ ಡೆಕ್ಕನ್ನು ಭಾರತದಲ್ಲಿ ಅಧಿಕೃತವಾಗಿ ಮಾರುವುದಿಲ್ಲ. ಹೈದರಾಬಾದಿನಲ್ಲಿ ಸಿಗುವುದೆಲ್ಲ ಹೊರಗಿನಿಂದ ತರಿಸಿದ್ದು, ಕೆಟ್ಟರೆ ಕೇಳುವವರಿಲ್ಲ. ಅಸುಸ್ ಕಂಪನಿಯ ಹ್ಯಾಂಡ್‌ಹೆಲ್ಡ್ ಆದ ಆರ್‌ಒಜಿ ಆ್ಯಲೈ 2023ರಲ್ಲಿ ಅಧಿಕೃತವಾಗಿಯೇ ಇಲ್ಲಿಗೆ ಬಂದಿತು, ಬೆಲೆ 69,990 ರೂಪಾಯಿ ಇತ್ತು. ದುಬಾರಿ ಹೌದು, ಆದರೆ ಅದು ವಿಂಡೋಸ್ ಕಂಪ್ಯೂಟರೂ ಹೌದು. ಕೀಬೋರ್ಡ್, ಮಾನಿಟರ್ ಜೋಡಿಸಿದರೆ ಡಿಗ್ರಿಗೆ ಸೇರುವ ಮಗಳಿಗೆ ಓದಿಗೂ ಆದೀತು.

ತೊಗರಿಕಣಜ, ಕಲಬುರಗಿ:

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಋಣಿಯಾಗಿದ್ದೇನೆ. ಸಂಜೆ ಅಂಗಡಿಗೆ ಹೋಗಿ ‘ಬರ್ತದ ಅಂದಿದ್ದು ಯಾವುದು, ಫೋಟೊ ತೋರಿಸ್ರಿ’ ಎಂದೆ. ಬೀದರಿನವರ ಅನುಮಾನವೇ ನಿಜ, ಮೊಬೈಲಿನಲ್ಲಿ ಅವರು ತೋರಿಸಿದ್ದು ಪೋರ್ಟಲ್. ಮನೆಯಲ್ಲಿ ಪಿಎಸ್ 5 ಇಲ್ಲದೆ ಅದನ್ನು ಏನು ಮಾಡಲಿ ಎಂದು ಕೇಳಿದಾಗ, ಅದನ್ನೂ ತರಿಸಿಕೊಡುತ್ತೇನೆ ಎಂದರು!

ಕಾಯುವ ವಿಚಾರವನ್ನು ಬಿಟ್ಟಿದ್ದೇನೆ. ಇಲ್ಲಿಯ ವಾರಂಟಿ ಇರುವುದನ್ನೇ ಕೊಡಿಸುತ್ತೇನೆ, ಕೂಲರ್ ಇರುವ ಕೋಣೆಯಲ್ಲಿ ಬೆಳಗಿನ ಹೊತ್ತು ಮಾತ್ರ ಆಡಬೇಕೆಂಬ ಕರಾರಿಗೆ ಮಗಳು ಒಪ್ಪಿದ್ದಾಳೆ. ಪಿಎಸ್‌ಪಿಯ ಉಬ್ಬಿದ ಬ್ಯಾಟರಿಯನ್ನು ತೆಗೆದಾಯಿತು. ಬ್ಯಾಟರಿಯಿಲ್ಲದೆ ಬರಿ ಚಾರ್ಜರ್ ಸಿಕ್ಕಿಸಿದರೂ ಪಿಎಸ್‌ಪಿ ಚಾಲೂ ಆಯಿತು, ಈಗ ಮುಚ್ಚಳವೂ ಸರಿಯಾಗಿ ಕೂಡುತ್ತದೆ.