ಇಟ್ಟಿಗೆಯೊಳಗೆ ಪಾಚಿ ಬದುಕುವುದೇ?

ಪ್ರಶ್ನೆ: ಮೇಡಂ, ನಾನು ಮುಳಬಾಗಿಲು ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದೇನೆ. ಸೂಕ್ಷ್ಮ ರಂಧ್ರಗಳಿರುವ ವಸ್ತುಗಳಲ್ಲಿ ಜೀವಂತ ಪಾಚಿಯನ್ನು ನೆಲೆಗೊಳಿಸಿ ಇಂಗಾಲದ ಡೈಆಕ್ಸೈಡ್ ಹೀರಿಸುವ ವಿಚಾರವನ್ನು ಓದಿದೆ. ಕೆರೆಯ ಹಸಿರು ನೀರಿನಲ್ಲಿ ಸುಟ್ಟ ಇಟ್ಟಿಗೆಯನ್ನು ನೆನೆಸಿಟ್ಟು ಮಕ್ಕಳಿಂದ ಇಂತಹ ಪ್ರಯೋಗ ಮಾಡಿಸಬಹುದೇ?

ಉತ್ತರ: ನಮಸ್ಕಾರ ಸರ್. ಇಟ್ಟಿಗೆಯ ಮೇಲ್ಮೈ ಹಸಿರಾದೀತು, ಆದರೆ ಬೆಳಕು ಹೋಗದ ಒಳಭಾಗದಲ್ಲಿ ದ್ಯುತಿಸಂಶ್ಲೇಷಣೆ ನಡೆಯದು. ರಂಧ್ರಗಳು ಒಣಗಿದರೆ ಪಾಚಿಯ ಕೆಲಸ ನಿಲ್ಲುತ್ತದೆ. ನೀರು ತುಂಬಿಕೊಂಡರೆ ಇಂಗಾಲದ ಡೈಆಕ್ಸೈಡ್ ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು 10,000 ಪಟ್ಟು ನಿಧಾನವಾಗಿ ಒಳಸೇರುತ್ತದೆ. ಈ ತೊಡಕನ್ನು ನಿಸರ್ಗ ಹೇಗೆ ಬಿಡಿಸಿದೆ ಎಂಬುದನ್ನು ಶಿಲೀಂಧ್ರವೂ ಪಾಚಿಯೂ ಕೂಡಿ ಬಾಳುವ, ನಾವು ಮಸಾಲೆಗೆ ಹುರಿಯುವ ಕಲ್ಲುಹೂವಿನಲ್ಲೇ ಮಕ್ಕಳಿಗೆ ತೋರಿಸಬಹುದು: ಅದರ ಶಿಲೀಂಧ್ರವು ಪಾಚಿಯನ್ನು ಮೇಲ್ಪದರದ ಕೆಳಗೇ ತೆಳುವಾಗಿ ಹರಡಿಕೊಂಡು, ಅದರಡಿಯಲ್ಲಿ ಗಾಳಿಯಾಡುವಂತೆ ತನ್ನ ಎಳೆಗಳನ್ನು ಸಡಿಲವಾಗಿ ಹೆಣೆದಿರುತ್ತದೆ.

ಪ್ರಯೋಗಾಲಯಗಳು ಪಾರದರ್ಶಕ ಜೆಲ್‌ಗಳನ್ನು ಆರಿಸಿಕೊಳ್ಳುವುದೂ ಬೆಳಕಿಗಾಗಿಯೇ. ಶಾಲೆಗೆ ಆಲ್ಜಿನೇಟ್ (ಕಡಲಕಳೆಯಿಂದ ತೆಗೆಯುವ, ಜೆಲ್ ಆಗಬಲ್ಲ ವಸ್ತು) ಮಣಿಗಳು ಸಾಕು. ಶೇ. 3ರ ಸೋಡಿಯಂ ಆಲ್ಜಿನೇಟ್ ದ್ರಾವಣಕ್ಕೆ ಅಷ್ಟೇ ಪ್ರಮಾಣದ, ಗಾಢವಾದ ಕ್ಲೋರೆಲ್ಲಾ ಎಂಬ ಏಕಕೋಶೀಯ ಹಸಿರು ಪಾಚಿಯನ್ನು ಬೆರೆಸಿ, ಶೇ. 2ರ ಕ್ಯಾಲ್ಸಿಯಂ ಕ್ಲೋರೈಡ್‌ಗೆ ಸಿರಿಂಜಿನಿಂದ ಹನಿ ಹನಿಯಾಗಿ ಬಿಡಿಸಿ. ಹದಿನೈದು ನಿಮಿಷದಲ್ಲಿ ಗಟ್ಟಿಯಾಗುವ ಮಣಿಗಳನ್ನು ತೊಳೆದು, ಇಂಗಾಲದ ಡೈಆಕ್ಸೈಡ್ ಪ್ರಮಾಣಕ್ಕೆ ತಕ್ಕಂತೆ ಬಣ್ಣ ಬದಲಿಸುವ ಬೈಕಾರ್ಬನೇಟ್ ಸೂಚಕವಿರುವ ಎರಡು ಸೀಸೆಗಳಿಗೆ ಹಾಕಿ, ಒಂದಕ್ಕೆ ಅಲ್ಯೂಮಿನಿಯಂ ಹಾಳೆ ಸುತ್ತಿರಿ. ಬೆಳಕಿನಲ್ಲಿಟ್ಟ ಸೀಸೆಯ ಕೆಂಪು ದ್ರಾವಣ ನೇರಳೆಗೆ ತಿರುಗುತ್ತದೆ, ಕತ್ತಲಿನದು ಉಸಿರಾಟದಿಂದಾಗಿ ಹಳದಿಯತ್ತ ಸಾಗುತ್ತದೆ. ಈ ಬಣ್ಣ ಬದಲಾವಣೆಯನ್ನು ಮಕ್ಕಳು ತಾವೇ ಕಂಡುಕೊಳ್ಳಲಿ, ಮೊದಲೇ ಹೇಳಬೇಡಿ.

ಪ್ರಶ್ನೆ: ಕೆರೆಯ ಪಾಚಿಯನ್ನೇ ಬಳಸಬಾರದೇ? ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು ಬಂದ ಮೇಲೆ ಇಲ್ಲಿ ಅದಕ್ಕೇನೂ ಕೊರತೆಯಿಲ್ಲ.

ಉತ್ತರ: ದಯವಿಟ್ಟು ಬೇಡ, ಸರ್. ಹಸಿರುಗಟ್ಟಿದ ಕೆರೆಗಳಲ್ಲಿ ಮೈಕ್ರೊಸಿಸ್ಟಿಸ್‌ನಂತಹ, ಯಕೃತ್ತಿಗೆ ಹಾನಿ ಮಾಡುವ ವಿಷವನ್ನು ಉತ್ಪಾದಿಸಬಲ್ಲ ನೀಲಿ-ಹಸಿರು ಪಾಚಿ ಇರಬಹುದು. ಬರಿಗಣ್ಣಿಗೆ ಅದರ ಗುರುತು ಹತ್ತದು. ಅಲ್ಲದೆ, ಸಂಸ್ಕರಿಸಿದ ಕೊಳಚೆ ನೀರಿನಲ್ಲಿ ಫಾಸ್ಫೇಟ್ ಹೆಚ್ಚಾಗಿ ಉಳಿದಿದ್ದರೆ ಅದು ಮಣಿಯನ್ನು ಹಿಡಿದಿಟ್ಟ ಕ್ಯಾಲ್ಸಿಯಂ ಅನ್ನು ಸೆಳೆದುಕೊಳ್ಳುವುದರಿಂದ ಮಣಿಗಳು ಮೆತ್ತಗಾಗಿ ಕರಗುತ್ತವೆ. ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಲ್ಲಿ ಶುದ್ಧ ಕ್ಲೋರೆಲ್ಲಾ ಕೇಳಿ ನೋಡಿ.

ಪಾಚಿ ಸತ್ತು ಕೊಳೆತರೆ ಹೀರಿದ ಇಂಗಾಲ ಮರಳಿ ಗಾಳಿಗೆ ಸೇರುತ್ತದೆ ಎಂಬುದನ್ನೂ ಮಕ್ಕಳಿಗೆ ತಿಳಿಸಿ. ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದ ಸಂಶೋಧಕರು 2025ರಲ್ಲಿ ಪ್ರಕಟಿಸಿದ ಕೆಲಸ ನನಗೆ ಮುಖ್ಯವೆನಿಸುವುದು ಇದೇ ಕಾರಣಕ್ಕೆ. ಅವರ ಜೆಲ್‌ನೊಳಗಿನ ನೀಲಿ-ಹಸಿರು ಪಾಚಿ ಇಂಗಾಲದ ಒಂದು ಪಾಲನ್ನು ಸುಣ್ಣದಂತಹ ಖನಿಜವಾಗಿಸಿ, 400 ದಿನಗಳಲ್ಲಿ ಪ್ರತಿ ಗ್ರಾಂ ಜೆಲ್‌ಗೆ ಸುಮಾರು 26 ಮಿಲಿಗ್ರಾಂ ಇಂಗಾಲದ ಡೈಆಕ್ಸೈಡನ್ನು ಹಿಡಿದಿಟ್ಟಿತು.