ಮೈಸೂರಲ್ಲಿ ಗಾಜು ಊದುವ ಶೆಡ್: ಎಂಟು ಜನ, ಹನ್ನೆರಡು ಲಕ್ಷ, ಎಲ್ಲಿಂದ ಶುರು ಮಾಡಲಿ?

ಲೇತ್‌ಶೆಡ್ ಮೈಸೂರು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ನಮ್ಮ ತಂದೆಯವರ ಒಂದು ಶೆಡ್ ಇದೆ. 30 ಅಡಿ ಅಗಲ, 50 ಅಡಿ ಉದ್ದ, ಮೇಲೆ ಶೀಟು. ಮೊದಲು ಲೇತ್ ಮೆಷಿನ್‌ಗಳಿದ್ದವು, ಈಗ ಖಾಲಿ ಬಿದ್ದಿದೆ.

ಎರಡು ವರ್ಷದ ಹಿಂದೆ ಅಕ್ಕನ ಮನೆಗೆ ಅಂತ ಪಿಟ್ಸ್‌ಬರ್ಗ್‌ಗೆ ಹೋಗಿದ್ದೆ. ಅಲ್ಲಿನ ಗ್ಲಾಸ್ ಸೆಂಟರ್‌ನಲ್ಲಿ ಒಂದು ದಿನದ ತರಗತಿಗೆ ಸೇರಿದೆ. ಒಂದು ಲೋಟ ಮಾಡಿದೆ, ಅದು ಒಂದು ಕಡೆ ವಾಲಿದೆ. ಈಗಲೂ ಮೇಜಿನ ಮೇಲೆ ಪೆನ್ನು ಹಾಕಿಕೊಂಡು ನಿಂತಿದೆ. ಅವತ್ತಿನಿಂದ ಇದೇ ಹುಚ್ಚು. ಯಾರು ಬೇಕಾದರೂ ಬಂದು ಕಲಿಯುವ, ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೂತು ಕೆಲಸ ಮಾಡುವ ಅಂಥದ್ದೇ ಜಾಗ ಇಲ್ಲೂ ಬೇಕು ಅನಿಸಿದೆ. ಎಂಟು ಜನ ಸೇರಿದ್ದೇವೆ, ಕೈಯಲ್ಲಿ ಹನ್ನೆರಡು ಲಕ್ಷ ಇದೆ.

ಕುಲುಮೆ ಗ್ಯಾಸಿನದಾ, ಕರೆಂಟಿನದಾ? ಬಾರ್‌ಗಳಿಂದ ಖಾಲಿ ಬಾಟಲಿ ತಂದು ಕರಗಿಸಿದರೆ ಆಗುತ್ತಾ? ಈ ಹಾದಿಯಲ್ಲಿ ನಡೆದವರು ಯಾರಾದರೂ ಇದ್ದರೆ ನಿಜ ಹೇಳಿ. ಬೈದರೂ ಪರವಾಗಿಲ್ಲ.

---

ಹಳೇ ಬಸ್ಸು

ಮೊದಲು ಒಂದು ವಾರ ಗಾಜಿನ ಬಳೆಯ ಊರು, ಉತ್ತರ ಪ್ರದೇಶದ ಫಿರೋಜಾಬಾದ್‌ಗೆ ಹೋಗಿ ಬನ್ನಿ. ಕಾದ ಗಾಜನ್ನು ತಿರುಗುವ ಸರಳಿಗೆ ಸ್ಪ್ರಿಂಗ್ ಥರ ಸುತ್ತುತ್ತಾರೆ, ಆಮೇಲೆ ಕೊಯ್ದು ಒಂದೊಂದೇ ಬಳೆ ಬಿಡಿಸುತ್ತಾರೆ. ಬಾಯಿ ಕೂಡಿಸುವ ಕೆಲಸ ಬೇರೆ ಮನೆಗಳಲ್ಲಿ, ಸಣ್ಣ ದೀಪದ ಉರಿಯಲ್ಲಿ. ತಾಜ್ ಮಹಲಿಗೆ ಹೊಗೆ ತಾಗುತ್ತದೆ ಅಂತ 1996ರಲ್ಲಿ ಸುಪ್ರೀಂ ಕೋರ್ಟ್ ಆದೇಶ ಬಂತು, ಅಲ್ಲಿಂದ ಕಲ್ಲಿದ್ದಲು ಬಿಟ್ಟು ಗ್ಯಾಸಿಗೆ ತಿರುಗಿದರು. ಗಾಜಿನ ಬಗ್ಗೆ ನಮ್ಮ ದೇಶದಲ್ಲಿ ಕೇಳಬೇಕಾದವರು ಅವರೇ. ಅಮೆರಿಕ ಆಮೇಲೆ ನೋಡಿಕೊಳ್ಳಿ.

---

ಟೊಲೆಡೊ ಕನ್ನಡಿಗ

ಮೇಲಿನವರು ಹೇಳಿದ್ದು ಸರಿ. ಆದರೂ ಅಮೆರಿಕದ ಮಾತು ಸ್ವಲ್ಪ ಆಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಾನು ಓಹಾಯೋದ ಟೊಲೆಡೊ ಪಕ್ಕ ಹದಿನೈದು ವರ್ಷದಿಂದ ಇದ್ದೇನೆ. ಊರು ತಿಪಟೂರು. ಕೆಲಸ ಸಾಫ್ಟ್‌ವೇರು. ಇಲ್ಲಿ ಒಂದು ಸಣ್ಣ ಸಮುದಾಯ ಸ್ಟುಡಿಯೋ ಕಟ್ಟುವಾಗ ಮೊದಲ ದಿನದಿಂದ ಇದ್ದೆ. ಇಟ್ಟಿಗೆ ಹೊತ್ತಿದ್ದೇನೆ, ಕಸ ಗುಡಿಸಿದ್ದೇನೆ, ಈಗ ವಾರಕ್ಕೆರಡು ದಿನ ಊದುತ್ತೇನೆ.

ಒಂದೇ ಮಾತು ನೆನಪಿಟ್ಟುಕೊಳ್ಳಿ. ಕುಲುಮೆ ಅಂದ್ರೆ ಎಮ್ಮೆ. ಹಾಲು ಕರೆಯಲಿ ಬಿಡಲಿ, ಮೇವು ಹಾಕಲೇಬೇಕು. ಒಮ್ಮೆ ಹೊತ್ತಿಸಿದರೆ ತಿಂಗಳುಗಟ್ಟಲೆ ಆರಿಸುವ ಹಾಗಿಲ್ಲ, ಹಗಲೂ ರಾತ್ರಿ 1,100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಇರಬೇಕು. ಆರಿಸಿ ಮತ್ತೆ ಹಚ್ಚಿದರೆ ಒಳಗಿನ ಮೂಸೆ, ಅಂದ್ರೆ ಗಾಜು ಕರಗುವ ಪಾತ್ರೆ, ಸೀಳುತ್ತದೆ. ಹೊಸ ಮೂಸೆ ಇಟ್ಟಾಗ ಮೆಲ್ಲಗೆ ಬಿಸಿ ಏರಿಸುವುದಕ್ಕೇ ನಮಗೆ ಐದು ದಿನ ಬೇಕಾಯಿತು, ಪಾಳಿ ಹಾಕಿಕೊಂಡು ರಾತ್ರಿ ಕಾದೆವು. ನಮ್ಮದು 60 ಕಿಲೋ ಗಾಜು ಹಿಡಿಯುವ ಎಲೆಕ್ಟ್ರಿಕ್ ಕುಲುಮೆ. ಸರಾಸರಿ 5 ಕಿಲೋವ್ಯಾಟ್ ತಿನ್ನುತ್ತದೆ. ಅಂದ್ರೆ ದಿನಕ್ಕೆ 120 ಯೂನಿಟ್, ತಿಂಗಳಿಗೆ 3,600. ಯಾರೂ ಬರದಿದ್ದರೂ ಅಷ್ಟೇ. ನಿಮ್ಮ ವಾಣಿಜ್ಯ ದರದಲ್ಲಿ ಗುಣಿಸಿ ನೋಡಿ. ಹನ್ನೆರಡು ಲಕ್ಷ ಕಟ್ಟೋದಕ್ಕೆ ಸಾಕಾದೀತು, ಸಾಕೋದಕ್ಕೆ ಸಾಲದು.

ಗ್ಯಾಸಾ ಕರೆಂಟಾ ಅಂತ ಕೇಳಿದ್ದೀರಿ. ಎರಡೂ ಬೇಕಾಗುತ್ತೆ. ಕರಗಿಸುವ ಕುಲುಮೆ ಕರೆಂಟಿನದಾದರೆ ಸದ್ದಿಲ್ಲ, ಹೊಗೆ ಇಲ್ಲ. ಆದರೆ ಕೊಳವೆ ತುದಿಯ ಗಾಜನ್ನು ಎರಡು ನಿಮಿಷಕ್ಕೊಮ್ಮೆ ಮತ್ತೆ ಕಾಯಿಸುವ ಗೂಡು ಇದೆಯಲ್ಲ, ಗ್ಲೋರಿ ಹೋಲು, ಅದಕ್ಕೆ ಗ್ಯಾಸೇ ಸರಿ. ಕೆಲಸ ಇದ್ದಾಗ ಹಚ್ಚಿ ಮುಗಿದ ಮೇಲೆ ಆರಿಸಬಹುದು. ಸಣ್ಣ ಗೂಡಿಗೂ ಎಂಟು ಗಂಟೆಗೆ 19 ಕೆಜಿಯ ಒಂದು ಸಿಲಿಂಡರ್ ಹತ್ತಿರತ್ತಿರ ಖಾಲಿಯಾಗುತ್ತದೆ. ನಾವೂ ಶುರುವಿನಲ್ಲಿ ಸಿಲಿಂಡರ್‌ನಲ್ಲೇ ನಡೆಸಿದ್ದು. ಒಂದೇ ಸಿಲಿಂಡರ್‌ನಿಂದ ಅಷ್ಟು ವೇಗವಾಗಿ ಎಳೆದರೆ ಅದರ ಮೈ ತಣ್ಣಗಾಗಿ ಹೊರಗೆ ಬಿಳಿ ಮಂಜು ಕಟ್ಟುತ್ತದೆ, ಒತ್ತಡ ಬೀಳುತ್ತದೆ. ಜುಲೈ ಸೆಖೆಯಲ್ಲಿ ಬೆವರು ಸುರಿಸುತ್ತಾ ನಾನು ಸಿಲಿಂಡರ್ ಮೇಲಿನ ಮಂಜನ್ನು ಉಗುರಿನಲ್ಲಿ ಕೆರೆದಿದ್ದೇನೆ. ಮೂರ್ನಾಲ್ಕನ್ನು ಒಂದೇ ಪೈಪಿಗೆ ಜೋಡಿಸಿದರೆ ಈ ತೊಂದರೆ ಕಮ್ಮಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲಕ್ಕೇ ಇಳಿದು ಕೂರುತ್ತದೆ. ಹಾಗಾಗಿ ಸಿಲಿಂಡರ್ ಶೆಡ್ಡಿನ ಹೊರಗೇ ಇರಲಿ. ಹತ್ತಿರ ಲೇತಿನ ಗುಂಡಿ, ಚರಂಡಿ ಏನಾದರೂ ಇದ್ದರೆ ಮುಚ್ಚಿಸಿ.

ಇನ್ನೊಂದು, ನಮ್ಮ ಕಡೆ ಕರೆಂಟು ಹೋಗಿ ಬರುತ್ತಲ್ವಾ? ಗೂಡಿಗೆ ಗಾಳಿ ಊದುವ ಬ್ಲೋವರ್ ನಿಂತ ತಕ್ಷಣ ಗ್ಯಾಸೂ ತಾನಾಗೇ ನಿಲ್ಲಬೇಕು. ಕರೆಂಟು ಬಂದಾಗ ತಾನಾಗೇ ಶುರು ಆಗಲೇಬಾರದು. ಕರೆಂಟು ಹೋದರೆ ತಾನೇ ಮುಚ್ಚುವ ಸೊಲೆನಾಯ್ಡ್ ವಾಲ್ವ್, ಉರಿ ಇದೆಯಾ ಅಂತ ನೋಡುವ ಸೆನ್ಸರ್ ಇವೆರಡಕ್ಕೂ ದುಡ್ಡು ನೋಡಬೇಡಿ. ಬೆಂಚು ಬೇಕಾದರೆ ಹಳೇ ಮರದಲ್ಲಿ ಮಾಡಿಕೊಳ್ಳಿ.

ಎಲ್ಲರೂ ಕುಲುಮೆ ಕುಲುಮೆ ಅಂತಾರೆ, ಕರೆಂಟು ಹೋದರೆ ಕೈ ಕೊಡೋದು ಅನೀಲರ್. ಮಾಡಿದ ಸಾಮಾನನ್ನು ಮೆಲ್ಲಗೆ ತಣಿಸುವ ಪೆಟ್ಟಿಗೆ. ನಮ್ಮ ಗಾಜನ್ನು 480 ಡಿಗ್ರಿಯಲ್ಲಿ ಒಂದೆರಡು ಗಂಟೆ ಇಟ್ಟು, ರಾತ್ರಿಯಿಡೀ ಇಳಿಸುತ್ತೇವೆ. ಒಂದು ಜನವರಿಯಲ್ಲಿ ಹಿಮಗಾಳಿಗೆ ಐದು ಗಂಟೆ ಕರೆಂಟು ಹೋಯಿತು. ಕುಲುಮೆ ದಪ್ಪ ಗೋಡೆಯದ್ದು, ತಡೆದುಕೊಂಡಿತು. ಅನೀಲರ್ ಬೇಗ ತಣ್ಣಗಾಯಿತು. ಬೆಳಿಗ್ಗೆ ತೆಗೆದರೆ ಎಲ್ಲಾ ಚೆನ್ನಾಗೇ ಇದ್ದವು. ಅದರಲ್ಲಿ ಒಂದು ದಪ್ಪ ತಳದ ನೀಲಿ ಬೋಗುಣಿ, ನಮ್ಮ ಸದಸ್ಯೆಯೊಬ್ಬರು ತಂಗಿ ಮದುವೆಗೆ ಕೊಡೋದಕ್ಕೆ ಅಂತ ಮಾಡಿದ್ದು. ಹನ್ನೆರಡು ದಿನ ಕಪಾಟಿನಲ್ಲಿ ಸುಮ್ನೆ ಕೂತಿತ್ತು. ಹದಿಮೂರನೇ ದಿನ ಯಾರೂ ಮುಟ್ಟದೆ ‘ಟಪ್’ ಅಂತು. ತಳದಿಂದ ಅಂಚಿನವರೆಗೆ ಒಂದೇ ಗೆರೆ. ಎರಡೂ ಹೋಳನ್ನು ಜೋಡಿಸಿ ಹಿಡಿದರೆ ಗೆರೆಯೇ ಕಾಣದಷ್ಟು ನೀಟಾಗಿ ಒಡೆದಿತ್ತು. ಅದಕ್ಕೇ ಹೇಳೋದು, ಜನರೇಟರ್ ಇದ್ದರೆ ಮೊದಲು ಅನೀಲರಿಗೆ ಕೊಡಿ.

ಬಾಟಲಿ ಕರಗುತ್ತದೆ, ಆದರೆ ಕಲಿಯುವವರಿಗೆ ಬೇಡ. ಬೇಗ ಬಿರುಸಾಗುತ್ತದೆ, ಹೊಸಬರ ಕೈ ಓಡುವಷ್ಟರಲ್ಲಿ ಗಾಜು ಕಲ್ಲಾಗಿರುತ್ತದೆ. ಒಂದು ಕಂಪನಿ ಬಾಟಲಿ ಹಿಗ್ಗಿದಷ್ಟೇ ಇನ್ನೊಂದು ಹಿಗ್ಗಬೇಕು ಅಂತೇನಿಲ್ಲ. ಬೆರೆಸಿದರೆ ಮತ್ತೆ ಅದೇ ‘ಟಪ್’. ಜರ್ಮನಿಯಿಂದ ಬರುವ ಬಣ್ಣದ ಕಡ್ಡಿಗಳಲ್ಲಿ ನಾವು ತರಿಸುವುದೆಲ್ಲ ಹಿಗ್ಗುವ ಅಳತೆ 96 ಇರುವ ಗಾಜಿಗೆ ಹೊಂದುವಂಥವು. ಬಾಟಲಿ ಮೇಲೆ ಅವು ಕೂರೋದಿಲ್ಲ.

ಒಂದು ಹಳೇ ಕಥೆ ಹೇಳಿ ಮುಗಿಸ್ತೀನಿ. ನಮ್ಮೂರಲ್ಲೇ ನಡೆದದ್ದು. 1962ರಲ್ಲಿ ಹಾರ್ವಿ ಲಿಟಲ್‌ಟನ್ ಅನ್ನುವ ಕುಂಬಾರಿಕೆ ಮೇಷ್ಟ್ರು ಟೊಲೆಡೊ ಕಲಾ ಮ್ಯೂಸಿಯಂ ಆವರಣದ ಒಂದು ಗ್ಯಾರೇಜಿನಲ್ಲಿ ಸಣ್ಣ ಕುಲುಮೆ ಹಾಕಿದರು. ಅಲ್ಲಿವರೆಗೆ ಗಾಜು ಊದೋದು ಅಂದರೆ ಕಾರ್ಖಾನೆ ಕೆಲಸ, ಒಬ್ಬ ಕಲಾವಿದ ತನ್ನಷ್ಟಕ್ಕೆ ಮಾಡುವಂಥದ್ದಲ್ಲ ಅಂತಿದ್ದರು. ಮೊದಲ ಸಲ ಕರಗಿಸಿದ್ದು ಕೈ ಕೊಟ್ಟಿತು. ಡಾಮಿನಿಕ್ ಲಬಿನೊ ಅನ್ನುವವರು ಫೈಬರ್‌ಗ್ಲಾಸ್ ಮಾಡೋದಕ್ಕೆ ಬಳಸುವ ಗೋಲಿಗಳನ್ನು ಕೊಟ್ಟರು, ಅವು ಚೆನ್ನಾಗಿ ಕರಗಿದವು. ಗಾಜು ಸಿದ್ಧ, ಊದೋದು ಯಾರಿಗೂ ಸರಿಯಾಗಿ ಬರಲ್ಲ! ಲಿಬ್ಬಿ ಕಾರ್ಖಾನೆಯಿಂದ ನಿವೃತ್ತರಾಗಿದ್ದ ಹಾರ್ವಿ ಲೀಫ್‌ಗ್ರೀನ್ ಬಂದು ಕೊಳವೆ ಹಿಡಿದು ತೋರಿಸಿದ ಮೇಲೆ ಕೆಲಸ ಸಾಗಿತು. ನಿಮ್ಮ ಎಂಟು ಜನರಲ್ಲಿ ಅಂಥವರು ಒಬ್ಬರಾದರೂ ಇದ್ದಾರಾ?

---

ಮಲ್ಲೇಶ್ವರದ ತಾತ

ಮೊಮ್ಮಗಳು ಈ ಚರ್ಚೆ ತೋರಿಸಿದಳು. ನಾನು ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ 31 ವರ್ಷ ಗಾಜು ಊದಿದವನು. ನಿಮ್ಮ ಹಾಗೆ ಲೋಟ, ಹೂಜಿ ಅಲ್ಲ. ಕಂಡೆನ್ಸರ್, ವ್ಯಾಕ್ಯೂಮ್ ಲೈನ್, ವಿಜ್ಞಾನಿಗಳು ಚೀಟಿಯಲ್ಲಿ ಗೀಚಿಕೊಂಡು ಬಂದದ್ದು. ಬೋರೋಸಿಲಿಕೇಟ್ ಅನ್ನುವ ಗಾಜಿನ ಕೊಳವೆ, ಗ್ಯಾಸು ಮತ್ತು ಆಮ್ಲಜನಕದ ಉರಿ.

ನನ್ನ ಮಾತು ಕೇಳಿದರೆ ಮೊದಲ ವರ್ಷ ಕುಲುಮೆ ಬೇಡ. ಆರು ಮೇಜು, ಉರಿ ಬಿಡುವ ಆರು ಗ್ಯಾಸ್ ಟಾರ್ಚು, ಒಂದು ಸಣ್ಣ ಅನೀಲರ್. ಸಂಜೆ ವಾಲ್ವ್ ತಿರುಗಿಸಿದರೆ ಖರ್ಚು ನಿಂತಿತು. ಬೋರೋಸಿಲಿಕೇಟ್ ಗಾಜು ಕಮ್ಮಿ ಹಿಗ್ಗುತ್ತದೆ, ಹೊಸಬರ ತಪ್ಪನ್ನು ಕ್ಷಮಿಸುತ್ತದೆ. ಅನೀಲರ್ 560 ಡಿಗ್ರಿ ಹತ್ತಿರ ಇಡಬೇಕು. ಆದರೆ ಇದನ್ನೂ ನಿಮ್ಮ ಲೋಟದ ಗಾಜನ್ನೂ ಒಂದೇ ಡಬ್ಬಿಯಲ್ಲಿ ಇಡಬೇಡಿ, ನೋಡೋದಕ್ಕೆ ಎರಡೂ ಒಂದೇ ಥರ.

ಆ ನೀಲಿ ಬೋಗುಣಿ ಒಡೆಯುವುದನ್ನು ಮೊದಲೇ ಹೇಳಬಹುದಿತ್ತು. ಲ್ಯಾಪ್‌ಟಾಪಿನ ಎಲ್‌ಸಿಡಿ ಪರದೆಯನ್ನು ಪೂರ್ತಿ ಬಿಳಿ ಮಾಡಿ, ಮುಂದೆ ಸಾಮಾನು ಹಿಡಿಯಿರಿ. ಪೋಲರಾಯ್ಡ್ ಕನ್ನಡಕ ತಿರುಗಿಸುತ್ತಾ ಪರದೆ ಕಪ್ಪಾಗುವ ಕಡೆ ನಿಲ್ಲಿಸಿ ನೋಡಿ. ಬೇಗ ತಣಿದು ಒಳಗೆ ಬಿಗಿತ ಉಳಿದಿದ್ದರೆ ಆ ಜಾಗ ಬೆಳ್ಳಗೆ ಹೊಳೆಯುತ್ತದೆ, ಜಾಸ್ತಿ ಇದ್ದರೆ ಬಣ್ಣವೂ ಕಾಣುತ್ತದೆ. ಆಗ ಮತ್ತೆ ಅನೀಲರಿಗೆ ಹಾಕಿ.

ಪಾಲಿಯೆಸ್ಟರ್ ಹಾಕಿಕೊಂಡು ಬಂದವರನ್ನು ಬಾಗಿಲಲ್ಲೇ ವಾಪಸ್ ಕಳಿಸಿ. ದುಪ್ಪಟ್ಟಾ, ಸೀರೆ ಸೆರಗು ಕೂಡ ಬೇಡ. ಕುಲುಮೆಗೆ ಸುತ್ತುವ ಬಿಳಿ ಸೆರಾಮಿಕ್ ಫೈಬರ್ ಕತ್ತರಿಸುವಾಗ ಮಾಸ್ಕ್ ಕಡ್ಡಾಯ, ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

---

ಲೆಕ್ಕದ ಮೇಷ್ಟ್ರು

ಗಾಜು ಗೊತ್ತಿಲ್ಲ, ಕಾಗದ ಗೊತ್ತು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಸಂಘಕ್ಕೆ ಕನಿಷ್ಠ ಏಳು ಜನ ಬೇಕು. ನೀವು ಎಂಟು ಜನ, ಒಬ್ಬರು ಮುನಿಸಿಕೊಂಡು ಹೋದರೂ ನಡೆಯುತ್ತೆ. ಎಲ್‌ಪಿಜಿ ಒಟ್ಟು 100 ಕೆಜಿ ಮೀರಿದರೆ ದಾಸ್ತಾನಿಗೆ ಪೆಸೊ, ಅಂದರೆ ಕೇಂದ್ರದ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆಯ ಪರವಾನಗಿ ಬೇಕು. 19 ಕೆಜಿಯವು ಐದು ಇಟ್ಟರೆ 95, ಆರನೆಯದು ಬಂದರೆ ಮೀರಿತು. ತುಂಬಿದ್ದು ಎಷ್ಟು, ಖಾಲಿ ಎಷ್ಟು ಅಂತ ಗೋಡೆ ಮೇಲೆ ಬರೆದಿಡಿ. ಶೆಡ್ ತಂದೆಯವರ ಹೆಸರಲ್ಲಿದೆ ಅಂತೀರಿ, ಸಂಘಕ್ಕೆ ಬಾಡಿಗೆ ಕರಾರು ಈಗಲೇ ಮಾಡಿಕೊಳ್ಳಿ. ಪ್ರೀತಿ ಇರುವಾಗ ಮಾಡಿದ ಕರಾರು ಜಗಳದಲ್ಲಿ ಉಪಯೋಗಕ್ಕೆ ಬರುತ್ತೆ.

---

ಟೊಲೆಡೊ ಕನ್ನಡಿಗ

ತಾತ ಹೇಳಿದ ಮೇಲೆ ನನ್ನ ಮಾತು ಅರ್ಧ ವಾಪಸ್ ತಗೊಂಡೆ. ಮೇಜಿನಿಂದಲೇ ಶುರು ಮಾಡಿ. ಮುಂದೆ ಕುಲುಮೆ ಹಾಕುವಾಗ ಒಂದು ತಪ್ಪು ಮಾಡಬೇಡಿ. ನಾವು ಹೊಗೆಗೂಡು ಕಟ್ಟಿ ಮುಗಿಸಿ ಆಮೇಲೆ ಅನುಮತಿ ಕೊಡುವವರಿಗೆ ನಕ್ಷೆ ತೋರಿಸಿದೆವು. ಒಂದೂವರೆ ಅಡಿ ಎತ್ತರಿಸಿ ಅಂದರು, ಕಿತ್ತು ಮತ್ತೆ ಕಟ್ಟಿದೆವು. ಅನುಮತಿಗೇ ಏಳು ತಿಂಗಳು ಹೋಯಿತು, ಅಷ್ಟೂ ದಿನ ಬಾಡಿಗೆ ಕಟ್ಟಿದೆವು.

ಬಾಗಿಲು ತೆಗೆದ ದಿನ ಅರವತ್ತು ಜನ ಬಂದಿದ್ದರು. ಮುಂದಿನ ಶನಿವಾರ ಇಬ್ಬರು. ನಮ್ಮನ್ನು ಉಳಿಸಿದ್ದು ಗಾಜಿನ ಕುಂಬಳಕಾಯಿ! ಇಲ್ಲಿ ಅಕ್ಟೋಬರಿನಲ್ಲಿ ಜನ ಅದನ್ನು ಸಾಲು ನಿಂತು ಕೊಳ್ಳುತ್ತಾರೆ, ನಮ್ಮ ಕೈಯಿಂದಲೇ ಊದಿಸಿ ಅಂತಾರೆ. ಆ ಒಂದು ತಿಂಗಳು ಮೂರು ತಿಂಗಳ ಕರೆಂಟು ಬಿಲ್ ಕಟ್ಟಿತು. ನಿಮಗೆ ದಸರಾ ಇದೆ, ದೀಪಾವಳಿ ಇದೆ. ಏಪ್ರಿಲ್, ಮೇ ಸೆಖೆಯಲ್ಲಿ ಬಾಗಿಲು ಹಾಕಿಬಿಡಿ. ಇಟಲಿಯ ಗಾಜಿನ ದ್ವೀಪ ಮುರಾನೊದವರೇ ಆಗಸ್ಟಿನಲ್ಲಿ ಮುಚ್ಚುತ್ತಾರೆ, ನಾವೇನು.

---

ಲೇತ್‌ಶೆಡ್ ಮೈಸೂರು

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಎಂಟೂ ಜನ ಶೆಡ್ಡಿನಲ್ಲಿ ಕೂತು ಇದನ್ನು ಓದಿದೆವು. 3,600 ಯೂನಿಟ್ ಅಂದ ತಕ್ಷಣ ಇಬ್ಬರ ಮುಖ ಸಪ್ಪಗಾಯಿತು. ಮೇಜು ಮತ್ತು ಟಾರ್ಚಿನಿಂದಲೇ ಶುರು ಅಂತ ತೀರ್ಮಾನ. ಮೊದಲು ಮೂರು ಮೇಜು. ಲೇತಿನ ಗುಂಡಿಗೆ ಇವತ್ತು ಕಾಂಕ್ರೀಟು ಹಾಕಿಸುತ್ತಿದ್ದೇವೆ.

ನನ್ನ ವಾಲಿದ ಲೋಟವನ್ನು ಪರದೆ ಮುಂದೆ ಹಿಡಿದು ಕನ್ನಡಕದಲ್ಲಿ ನೋಡಿದೆ. ಗೋಡೆಯೆಲ್ಲ ಕಪ್ಪು, ತಳದಲ್ಲಿ ಸರಳಿನಿಂದ ಬಿಡಿಸಿದ ಜಾಗದಲ್ಲಿ ಮಾತ್ರ ಕಾಸಿನಗಲ ಬೆಳ್ಳಗೆ ಕಾಣಿಸುತ್ತಿದೆ. ಎರಡು ವರ್ಷ ಆಯಿತು, ಇನ್ನೂ ಒಡೆದಿಲ್ಲ. ತಾತ, ಪೆನ್ನು ಬೇರೆ ಕಡೆ ಇಡಲಾ?

---

ಮಲ್ಲೇಶ್ವರದ ತಾತ

ಪೆನ್ನು ಇರಲಿ. ಬಿಸಿ ಕಾಫಿ ಮಾತ್ರ ಹಾಕಬೇಡಿ. ಮೂರು ಮೇಜು ಹಾಕಿದ ದಿನ ಫೋಟೋ ಹಾಕಿ, ಮೊಮ್ಮಗಳನ್ನು ಕರೆದುಕೊಂಡು ಶತಾಬ್ದಿಯಲ್ಲಿ ಬರುತ್ತೇನೆ.